ಬೇಕೇ ಬೇಕು, ಮೆಲ್ಲಗೆ

ಗೂಟದ ಮೇಲೆ ಟವೆಲ್ ಇರಲಿಲ್ಲ. ಜಗದಾಂಬಾ ಅದನ್ನು ನೋಡಿಯೂ ನೋಡದವಳಂತೆ ಹಾಲಿನ ಪಾತ್ರೆಯನ್ನು ಒಲೆಯ ಮೇಲಿಟ್ಟಳು, ಗ್ಯಾಸ್ ಹಚ್ಚುವುದನ್ನು ಮರೆತಳು, ತಣ್ಣಗೆ ಕೂತ ಹಾಲು ಎಲ್ಲಿ ಉಕ್ಕಿಬಿಡುತ್ತದೋ ಎಂದು ಅದರ ಮುಂದೆ ಕಾವಲು ನಿಂತಳು. ಮೈ ಒರೆಸುವ ಟವೆಲ್ ಬೇರೆ. ಅದು ಹಿತ್ತಲ ತಂತಿಯ ಮೇಲೆ ತನ್ನ ಪಾಡಿಗೆ ಒಣಗುತ್ತಿತ್ತು. ಗೂಟದ್ದು ಹೆಗಲಿನ ಟವೆಲ್, ಕೆಂಪು ಅಂಚಿನದು. ಅದು ಗೂಟದಲ್ಲಿದ್ದರೆ ಉಜ್ಜನಪ್ಪನವರು ಮನೆಯವರು, ಇಲ್ಲದಿದ್ದರೆ ಊರಿನವರು. ಮದುವೆಯಾದಾಗಿನಿಂದ ಅವಳು ಗಂಡನ ಮುಖಕ್ಕಿಂತ ಹೆಚ್ಚಾಗಿ ಆ ಗೂಟವನ್ನೇ ನೋಡಿ ಅಕ್ಕಿ ಅಳೆಯುತ್ತ ಬಂದವಳು. ನಿನ್ನೆ ಊಟಕ್ಕೆ ಕೂತಾಗ ಅವರು ಮಗಳ ತಲೆಯ ಮೇಲೆ ಕೈಯಿಟ್ಟು, ಅದು ಮೊಸರನ್ನದ ಕೈ ಎಂಬುದನ್ನೂ ಮರೆತು, "ನಾಳೆ ನಾನು ಹೊಸಿಲು ದಾಟಲ್ಲ ಕಣಮ್ಮ. ಇದು ನನ್ನ ಪ್ರಣಾಳಿಕೆ" ಎಂದಿದ್ದರು. ಶಾಂಭವಿ ಕೂದಲಿನಿಂದ ಅಗುಳು ತೆಗೆಯುತ್ತ, "ಅಪ್ಪಾಜಿ, ನಿಮ್ಮ ಪ್ರಣಾಳಿಕೆ ಓದಿದೋರೇ ನಗರಸಭೆಗೆ ಮೂರು ಸಲ ನಿಮ್ಮನ್ನ ಸೋಲಿಸಿದ್ದು" ಎಂದು ನಕ್ಕಿದ್ದಳು. ಆಮೇಲೆ ಪಾತ್ರೆ ಎತ್ತಿಡುವಾಗ ಅದೇ ನಗುವಿನ ಕೊನೆಯಲ್ಲಿ, ಯಾರಿಗೂ ಹೇಳದ ದನಿಯಲ್ಲಿ, "ಅಮ್ಮ, ನಾಳೆ ಒಂದು ದಿನ ನೋಡ್ತೀನಿ. ಮಕ್ಕಳು ಹೊಂದ್ಕೊಂಡ್ರೆ ಸರಿ. ಇಲ್ಲ ಅಂದ್ರೆ ಕೆಲಸ ಬಿಟ್ಬಿಡ್ತೀನಿ" ಎಂದಳು. ಬಿಡಬೇಡ ಎನ್ನುವ ಮಾತು ಜಗದಾಂಬಾಳ ಗಂಟಲಿನವರೆಗೆ ಬಂತು. ಬಾಯಿಂದ ಹೊರಟದ್ದು ಮಾತ್ರ, "ನಿನಗೆ ಹೇಗೆ ಅನುಕೂಲವೋ ಹಾಗೆ ಮಾಡಮ್ಮ."

ಶಾಂಭವಿ ಶಂಕರಘಟ್ಟದ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಕೆಲಸಕ್ಕಿದ್ದಳು. ಹೆರಿಗೆ ರಜೆ ಮುಗಿದು ಇವತ್ತೇ ಮೊದಲ ದಿನ. ಬೆಳಿಗ್ಗೆ ಹೊರಡುವಾಗ ಬಾಗಿಲಲ್ಲಿ ನಿಂತು ಎರಡು ಮಕ್ಕಳ ನಾಲ್ಕು ಅಂಗಾಲನ್ನೂ ಮುಟ್ಟಿ, ಫ್ರಿಜ್ಜಿನಲ್ಲಿ ಹಿಂಡಿಟ್ಟ ಹಾಲಿನ ಬಗ್ಗೆ ಮತ್ತೊಮ್ಮೆ ಹೇಳಿ, ಚಪ್ಪಲಿಯನ್ನು ಅದಲುಬದಲಾಗಿ ಮೆಟ್ಟಿ ಇಳಿದು ಹೋದಳು. ಅಳಿಯ ಜ್ಞಾನೇಶ್ ಮಾಚೇನಹಳ್ಳಿಯ ಫೌಂಡ್ರಿಗೆ ಮೊದಲ ಪಾಳಿಗೆಂದು ಇನ್ನೂ ಮುಂಚೆಯೇ ಹೋಗಿದ್ದ. ಅವಳು ಹೋದ ಮೇಲೆ ಉಜ್ಜನಪ್ಪನವರು ತೊಟ್ಟಿಲಿನ ಬಳಿ ಪೇಪರ್ ಹಿಡಿದು ಕೂತದ್ದನ್ನು ಜಗದಾಂಬಾ ಕಣ್ಣಾರೆ ಕಂಡಿದ್ದಳು. ಈಗ ಪೇಪರ್ ಕುರ್ಚಿಯ ಮೇಲೆ ಕೂತಿತ್ತು. ಅವರ ಕನ್ನಡಕದ ಡಬ್ಬಿಯ ಕೆಳಗೆ ಸುದ್ದಿಯೊಂದು ಮೇಲೆ ಬರುವಂತೆ ಮಡಿಸಿತ್ತು: ಭದ್ರಾವತಿಯ ಹಳೆಯ ಕ್ವಾರ್ಟರ್ಸ್ ರಸ್ತೆಯ ಬಸ್ ತಂಗುದಾಣಕ್ಕಾಗಿ ನಿವೃತ್ತರ ಧರಣಿ. ರಸ್ತೆ ಅಗಲ ಮಾಡುವಾಗ ಕೆಡವಿದ್ದನ್ನು ಮತ್ತೆ ಕಟ್ಟಿರಲಿಲ್ಲ. ಮುದುಕರೆಲ್ಲ ಬಿಸಿಲಲ್ಲಿ ನಿಂತು ಬಸ್ಸಿಗೆ ಕಾಯುತ್ತಾರಂತೆ. ಗಂಡ ಕಾರ್ಖಾನೆಯಲ್ಲಿದ್ದಾಗ ಅದೇ ಕ್ವಾರ್ಟರ್ಸಿನಲ್ಲಿದ್ದ ಅವಳಿಗೆ ಆ ತಂಗುದಾಣ ಗೊತ್ತಿತ್ತು. ಅದರ ಕಲ್ಲು ಬೆಂಚು ಬೇಸಿಗೆಯಲ್ಲೂ ತಣ್ಣಗಿರುತ್ತಿತ್ತು, ಶಾಂಭವಿ ಹೊಟ್ಟೆಯಲ್ಲಿದ್ದಾಗ ಯಾರೋ ತಮಿಳು ಹೆಂಗಸು ದಿನಾ ತನ್ನ ಬುಟ್ಟಿಯನ್ನು ಮಡಿಲಿಗೆಳೆದುಕೊಂಡು ಜಾಗ ಬಿಡುತ್ತಿದ್ದಳು. ಆ ಹೆಂಗಸಿಗೂ ಅವಳು ದಿನಾ "ಪರವಾಗಿಲ್ಲಮ್ಮ, ನಿಂತ್ಕೋತೀನಿ" ಎಂದೇ ಶುರುಮಾಡುತ್ತಿದ್ದಳು. ಆ ಹೆಂಗಸಿಗೆ ಕನ್ನಡ ಅಷ್ಟಾಗಿ ಬರದಿದ್ದುದೇ ಒಳ್ಳೆಯದಾಯಿತು, ಕೈಹಿಡಿದು ಕೂರಿಸಿಬಿಡುತ್ತಿದ್ದಳು.

ತೊಟ್ಟಿಲಿನಲ್ಲಿ ಮೊದಲು ಎದ್ದದ್ದು ಸೌಂದರ್ಯ. ಅವಳು ತಮ್ಮನಿಗಿಂತ ಸ್ವಲ್ಪ ಮುಂಚೆ ಹುಟ್ಟಿದವಳು. ಆ ಸ್ವಲ್ಪದ ಬಲದಿಂದ ಅಜ್ಜ ಅವಳನ್ನು ಅಧ್ಯಕ್ಷೆ ಎಂದೂ ಹಿಂದೆ ಬಂದ ಅಭಯನನ್ನು ಕಾರ್ಯದರ್ಶಿ ಎಂದೂ ಕರೆಯುತ್ತಿದ್ದರು. ಅಧ್ಯಕ್ಷೆ ಅತ್ತರೆ ಕಾರ್ಯದರ್ಶಿ ಅನುಮೋದಿಸುತ್ತಿದ್ದ. ಐದು ತಿಂಗಳ ಈ ಇಬ್ಬರಿಗೆ ಯಾವ ಜೋಗುಳವೂ ನಾಟದೆ ಇದ್ದದ್ದು, ಮೊದಲ ವಾರಗಳಲ್ಲಿ ರಾತ್ರಿಯೆಲ್ಲ ಎತ್ತಿ ತಿರುಗಿ ಸುಸ್ತಾದ ಉಜ್ಜನಪ್ಪನವರು ಒಂದು ದಿನ ಬೇರೇನೂ ತೋಚದೆ "ಬೇಕೇ ಬೇಕು, ಹಾಲು ಬೇಕು! ಬೇಕೇ ಬೇಕು, ನಿದ್ದೆ ಬೇಕು!" ಎಂದು ಕೂಗಿದ್ದು, ಮಕ್ಕಳು ತಟ್ಟನೆ ಸುಮ್ಮನಾಗಿ ಅವರ ಬಾಯನ್ನೇ ನೋಡಿದ್ದು, ಆಮೇಲೆ ಹಾಲು ಕುಡಿದು ಮಲಗಿದ್ದು ಶಿವಮೊಗ್ಗದ ದುರ್ಗಿಗುಡಿಯ ಆ ಓಣಿಗೆಲ್ಲ ಗೊತ್ತಿದ್ದ ಸಂಗತಿ. "ಧಿಕ್ಕಾರ"ಕ್ಕೆ ಮಕ್ಕಳು ಹೆದರುತ್ತಿದ್ದವು. "ಜಿಂದಾಬಾದ್"ಗೆ ಅಭಯನಿಗೆ ಬಿಕ್ಕಳಿಕೆ. "ಬೇಕೇ ಬೇಕು" ಒಂದೇ ಸರಿ. ಅದರ ಏರಿಳಿತದಲ್ಲಿ ಏನೋ ತೂಗುವುದಿತ್ತು. ಜಗದಾಂಬಾಗೆ ನಾಚಿಕೆಯಾಗಿತ್ತು. ಬಿ.ಎ. ಓದಿದ ತಾನು, ಹಳೆಯ ಪದ್ಯಗಳನ್ನು ರಾಗವಾಗಿ ಹಾಡಬಲ್ಲ ತಾನು, ಹಾಡಿದರೆ ಕಿರುಚುವ ಮೊಮ್ಮಕ್ಕಳು ಬೀದಿಯ ಕೂಗಿಗೆ ಕಣ್ಣು ಮುಚ್ಚುವುದೆಂದರೆ! ನಾಚಿಕೆಯ ಕೆಳಗೆ ಇನ್ನೊಂದು ಇತ್ತು, ಅದಕ್ಕೆ ಹೆಸರಿಡಲು ಅವಳು ಹೋಗಿರಲಿಲ್ಲ.

ಈಗ ಅಧ್ಯಕ್ಷೆ ಬಾಟಲಿಯ ರಬ್ಬರನ್ನು ನಾಲಿಗೆಯಿಂದ ಹೊರಗೆ ತಳ್ಳಿದಳು. ಕಾರ್ಯದರ್ಶಿಯೂ ತಳ್ಳಿದ. ಜಗದಾಂಬಾ ಒಬ್ಬಳನ್ನು ಹೆಗಲಿಗೆ, ಒಬ್ಬನನ್ನು ಕಾಲ ಮೇಲೆ ಹಾಕಿಕೊಂಡು ಕಾಲು ಕುಣಿಸಿದಳು, ಹಾಡಿದಳು, ಗಿಲಿಗಿಚ್ಚಿ ಆಡಿಸಿದಳು, ಕಿಟಕಿಯ ಆಚೆಯ ಅಳಿಲನ್ನು ತೋರಿಸಿದಳು, ಅಳಿಲೂ ಓಡಿಹೋಯಿತು. ಕೊನೆಗೆ ಬಾಗಿಲು ಮುಂದೆ ಮಾಡಿ, ಬೀದಿಗೆ ಕೇಳದಂತೆ, ಗಂಡನ ಪಾಠವನ್ನೇ ಒಪ್ಪಿಸಲು ಬಾಯಿ ತೆರೆದಳು. "ಸಾಕೇ ಸಾಕು" ಎಂದಿತು ಬಾಯಿ. "ಸಾಕೇ ಸಾಕು, ಹಾಲು ಸಾಕು." ಮಕ್ಕಳು ಒಂದು ಕ್ಷಣ ಅವಾಕ್ಕಾಗಿ ನೋಡಿ, ತಮ್ಮ ಬೇಡಿಕೆಗೆ ದ್ರೋಹವಾದಂತೆ ಇಮ್ಮಡಿ ದನಿಯಲ್ಲಿ ಅತ್ತವು. ಅವಳಿಗೆ ತನ್ನ ನಾಲಿಗೆಯ ಮೇಲೇ ಸಿಟ್ಟು ಬಂತು. ಆದರೆ ನಾಲಿಗೆ ತಾನೇ ಏನು ಮಾಡೀತು? ತವರಿನಲ್ಲಿ ಎರಡನೇ ರೊಟ್ಟಿಗೆ ಸಾಕು, ಅತ್ತೆಯ ಮನೆಯಲ್ಲಿ ಪಲ್ಯಕ್ಕೆ ಸಾಕು, ಸೀರೆ ಅಂಗಡಿಯಲ್ಲಿ ಮೊದಲು ಬಿಚ್ಚಿದ್ದೇ ಸಾಕು. ಓದು ಮುಗಿದ ವರ್ಷ ಶಾಲೆಯೊಂದರಲ್ಲಿ ಮೇಡಂ ಕೆಲಸಕ್ಕೆ ಕರೆದಿದ್ದರು, ಉದ್ದ ಮೇಜಿನ ಆಚೆ ಕೂತ ಹಿರಿಯರು ಎಲ್ಲ ಕೇಳಿ ಮುಗಿಸಿ, ಒಳ್ಳೆಯ ಮನಸ್ಸಿನಿಂದಲೇ, "ಹಾಗಾದರೆ ಕೆಲಸ ಬೇಕೇನಮ್ಮ?" ಎಂದರು. ಹೌದು ಬೇಕು ಎನ್ನುವುದು ಎಷ್ಟು ಒರಟಾಗಿ ಕೇಳೀತು ಎಂದು ಅವಳಿಗೆ ಅನ್ನಿಸಿತು. "ಪರವಾಗಿಲ್ಲ ಸಾರ್" ಎಂದಳು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಮುಂದಿನವಳನ್ನು ಕರೆದರು. ಹೊರಗೆ ಬಂದು ಅವಳು ತನಗೆ ಕೆಲಸ ಸಿಕ್ಕಿತೆಂದೇ ಎರಡು ದಿನ ನಂಬಿದ್ದಳು.

ಫೋನು ಎತ್ತಿದ್ದು ಆಗ. ಎರಡು ಸಲ ಕರೆ ಸುಮ್ಮನೆ ಹೋಯಿತು. ಮೂರನೆಯ ಸಲಕ್ಕೆ ಉಜ್ಜನಪ್ಪನವರ ದನಿ ಬಂತು, ಹಿಂದೆ ಜನರ ಗದ್ದಲ.

"ಜಗದಾ, ಈಗ ಬಂದೆ ಅಂತ ತಿಳ್ಕೋ. ಬರೀ ಮುಖ ತೋರ್ಸಿ ಬರೋಣ ಅಂತ..."

"ನಿಮ್ಮ ಮುಖ ಅಲ್ಲಿ ಯಾರಿಗೆ ಬೇಕಾಗಿತ್ತು ರೀ? ಇಲ್ಲಿ ಹಾಲು ಮುಟ್ತಿಲ್ಲ ಇವು!"

"ಸ್ಪೀಕರ್ ಹಾಕು, ಸ್ಪೀಕರ್ ಹಾಕು ಮಾರಾಯ್ತಿ!"

ಸ್ಪೀಕರ್ ಹಾಕಿದಳು. ಭದ್ರಾವತಿಯಿಂದ ಒಂದು ಕಂಠ "ಬೇಕೇ ಬೇಕು!" ಎಂದಿತು, ಹತ್ತಾರು ಮುದಿ ಕಂಠಗಳು "ತಂಗುದಾಣ ಬೇಕು!" ಎಂದವು. ಮಕ್ಕಳ ಕಣ್ಣು ಅರಳಿದವು. ಅಷ್ಟು ದೊಡ್ಡ ಜೋಗುಳವನ್ನು ಅವು ಹುಟ್ಟಿದ ಮೇಲೆ ಕೇಳಿರಲಿಲ್ಲ. ಬಾಟಲಿ ಬಾಯಿಗೆ ಹೋಯಿತು, ಗುಟುಕು ಗುಟುಕಾಗಿ ಹಾಲು ಇಳಿಯತೊಡಗಿತು, ಅಷ್ಟರಲ್ಲಿ ಫೋನು ಕುಂಯ್ ಎಂದು ಸತ್ತಿತು. ಅವರು ರಾತ್ರಿ ಚಾರ್ಜಿಗೆ ಹಾಕಿರಲಿಲ್ಲ; ಊರ ಕೆಲಸಕ್ಕೆ ಹೋಗುವವರು ಯಾವತ್ತೂ ಹಾಕುವುದಿಲ್ಲ. ಮಕ್ಕಳು ಫೋನನ್ನು ನೋಡಿದವು, ಅವಳನ್ನು ನೋಡಿದವು, ಮತ್ತೆ ಶುರುಮಾಡಿದವು.

ಎದುರು ಮನೆಯ ಶಾಮಲಾ, ಬ್ಲೌಸ್ ಹೊಲಿಯುವವಳು, ಕುತ್ತಿಗೆಯಲ್ಲಿ ಟೇಪು ನೇತಾಡಿಸಿಕೊಂಡೇ ಒಳಗೆ ಬಂದಳು. "ಏನ್ ಜಗದಕ್ಕ, ಇವತ್ತು ವಿರೋಧ ಪಕ್ಷದೋರ ಕೈ ಮೇಲಾದಂಗಿದೆ?"

"ಇವರು ಭದ್ರಾವತಿಗೆ ಹೋದ್ರು ಕಣೆ. ಫೋನಲ್ಲಿ ಕೂಗಿದ್ರೆ ಕುಡಿದ್ವು, ಅದೂ ಸ್ವಿಚ್ ಆಫ್ ಆಯ್ತು."

"ಮತ್ತೆ? ನಾವೇ ಕೂಗೋಣ. ಬೇಕೇ ಬೇಕು!" ಶಾಮಲಾಳ ದನಿ ಹೊಲಿಗೆ ಮಿಷನ್ನಿನಂತೆ ಒಂದೇ ಸಮನೆ ಓಡುವಂಥದು, ಅದರಲ್ಲಿ ತೂಗಾಟವೇ ಇಲ್ಲ. ಅಭಯನಿಗೆ ಬಿಕ್ಕಳಿಕೆ ಬಂತು. "ಅಯ್ಯೋ, ಇವಕ್ಕೆ ಒರಿಜಿನಲ್ಲೇ ಬೇಕು ಅಂತ ಕಾಣತ್ತೆ. ನಡೀರಿ ಹೋಗೋಣ. ನಮ್ಮ ಜಯಕುಮಾರನ ಆಟೋ ಇಲ್ಲೇ ಇದೆ."

ಹೋಗುವುದೇ? ಎರಡು ಎಳೆ ಕೂಸುಗಳನ್ನು ಎತ್ತಿಕೊಂಡು ಊರು ಬಿಟ್ಟು ಊರಿಗೆ, ಧರಣಿಗೆ! ಶಾಂಭವಿಗೆ ಗೊತ್ತಾದರೆ? ಆದರೆ ಮಕ್ಕಳು ಹಾಲು ಮುಟ್ಟಲಿಲ್ಲ ಎಂದು ಗೊತ್ತಾದರೆ? ಮಗಳು ರಾತ್ರಿ ಪಾತ್ರೆ ಎತ್ತಿಟ್ಟ ರೀತಿ ನೆನಪಾಯಿತು, ಸದ್ದಾಗದಂತೆ, ಆಗಲೇ ಎಲ್ಲವನ್ನೂ ಒಪ್ಪಿಕೊಂಡವಳಂತೆ. ಆ ಎತ್ತಿಡುವ ರೀತಿ ತನ್ನದೇ. ಮಗಳು ಬೇರೆ ಏನನ್ನು ಕಲಿತಿದ್ದರೂ ಇದೊಂದನ್ನು ಕಲಿಯಬಾರದಾಗಿತ್ತು. ಜಗದಾಂಬಾ ಬಾಟಲಿಗಳನ್ನು ಬಿಸಿನೀರಿನ ಪಾತ್ರೆಯ ಸಮೇತ ಬುಟ್ಟಿಗಿಟ್ಟು ಬೀಗ ಹಾಕಿದಳು.

ಆಟೋ ಹೊರಟಿದ್ದೇ ತಡ ಮಕ್ಕಳು ಮಲಗಿದವು. ಇದೊಂದು ಅನ್ಯಾಯ. ಈಗ ಹಿಂದಿರುಗಬಹುದಿತ್ತು, ಆದರೆ ಆಟೋ ನಿಂತರೆ ಏಳುತ್ತವೆ. ಅದಕ್ಕೇ ಜಯಕುಮಾರ ಸಿಗ್ನಲ್ಲಿನಲ್ಲೂ ಗಾಡಿಯನ್ನು ಹಿಂದೆ ಮುಂದೆ ತೂಗುತ್ತಿದ್ದ, ತೂಗು ಎಂದು ಯಾರೂ ಹೇಳಿರಲಿಲ್ಲ. ಕನ್ನಡಿಯಲ್ಲಿ ನೋಡಿ, ಹಾರ್ನ್ ಒತ್ತಬೇಕಾದಲ್ಲೆಲ್ಲ ಕೈ ಹೊರಗೆ ಹಾಕಿ ಬೀಸುತ್ತಿದ್ದ. ಮಾಚೇನಹಳ್ಳಿಯ ಶೆಡ್ಡುಗಳು ಬಂದಾಗ ಜಗದಾಂಬಾ ಸೆರಗನ್ನು ಮುಖಕ್ಕೆ ಎಳೆದುಕೊಂಡು ಬಗ್ಗಿದಳು.

"ಯಾಕ್ರೀ ಅಕ್ಕ, ತಲೆ ಸುತ್ತುತ್ತಾ?"

"ಅಳಿಯಂದಿರು ಇಲ್ಲೇ ಕೆಲಸ ಮಾಡೋದು ಕಣೆ."

"ಅವರು ಫರ್ನೇಸ್ ನೋಡ್ತಾರೋ, ರೋಡಲ್ಲಿ ಹೋಗೋ ಆಟೋ ನೋಡ್ತಾರೋ? ಏಳ್ರಿ ಮೇಲೆ!"

ಬಗ್ಗಿದಲ್ಲೇ ಅವಳಿಗೆ ನಗು ಬಂತು. ಅರವತ್ತಾರರ ವಯಸ್ಸಿನಲ್ಲಿ ಅಳಿಯನ ಕಣ್ಣು ತಪ್ಪಿಸಿ ಗಂಡನನ್ನು ನೋಡಲು ಓಡುತ್ತಿರುವ ತನ್ನನ್ನು ಮೇಲಿಂದ ಯಾರೋ ನೋಡುತ್ತಿರುವಂತೆ, ಆ ಯಾರೋ ತಾನೇ ಆಗಿರುವಂತೆ ಅನ್ನಿಸಿತು.

ತಂಗುದಾಣ ಇದ್ದ ಜಾಗ ಅವಳಿಗೆ ಗುರುತು ಸಿಗಲಿಲ್ಲ. ಕಲ್ಲು ಬೆಂಚು ಇರಬೇಕಾಗಿದ್ದಲ್ಲಿ ಬಿಸಿಲು ಕೂತಿತ್ತು. ಅದರ ಪಕ್ಕ ಒಂದು ಚಿಕ್ಕ ಶಾಮಿಯಾನ, ನಾಲ್ಕಾರು ಸಾಲು ಪ್ಲಾಸ್ಟಿಕ್ ಕುರ್ಚಿ, ತಲೆ ನರೆತ ಗಂಡಸರು. ಕಾರ್ಖಾನೆಯಲ್ಲಿ ಉಜ್ಜನಪ್ಪನವರ ಜೊತೆ ಕೆಲಸ ಮಾಡಿದವರು, ಕೆಲವರ ಮುಖ ಗೊತ್ತು, ಕೆಲವರ ಮುಖ ಅವರ ಅಪ್ಪಂದಿರಂತಾಗಿತ್ತು. ಜಯಕುಮಾರ ಇಳಿಸಿ, ಬಾಡಿಗೆಗೆ ಬೇರೆ ಯಾರೋ ಕೈ ಮಾಡಿದರೆಂದು ಹೊರಟುಹೋದ. ಆಟೋದ ಗುಡುಗು ನಿಂತ ಕ್ಷಣ ಅಧ್ಯಕ್ಷೆ ಕಣ್ಣು ಬಿಟ್ಟಳು. ಕಾರ್ಯದರ್ಶಿ ಅನುಮೋದಿಸಿದ.

ಉಜ್ಜನಪ್ಪನವರು ಹೆಂಡತಿಯನ್ನು ನೋಡಿದರು, ಅವಳ ಹೆಗಲಿನ ಕೂಸನ್ನು ನೋಡಿದರು, ಶಾಮಲಾಳ ಹೆಗಲಿನ ಕೂಸನ್ನು ನೋಡಿದರು. ಟವೆಲ್ ಹೆಗಲಿನಿಂದ ಜಾರಿತು. "ಬೇ..." ಎಂದರು. ಉಳಿದದ್ದು ಗಾಳಿ. ಬೆಳಗಿನಿಂದ ಕೂಗಿ ಕೂಗಿ ಗಂಟಲು ಹೋಗಿತ್ತು. ಇನ್ನೊಮ್ಮೆ ಬಾಯಿ ತೆರೆದರು; ತಿದಿಯೊತ್ತಿದಂತೆ ಬರೀ ಉಸಿರು ಬಂತು.

"ಅಯ್ಯೋ ಬಂಗಾರು ತಲ್ಲಿ, ರಾ ಅಮ್ಮ, ರಾ" ಎನ್ನುತ್ತ ನಾಗಯ್ಯ ಓಡಿಬಂದರು. ಎತ್ತಿನಂಥ ಮೈಯ ತೆಲುಗರು, ಒಂದು ಕಾಲದಲ್ಲಿ ಕ್ವಾರ್ಟರ್ಸಿನ ಪಕ್ಕದ ಸಾಲಿನಲ್ಲಿದ್ದವರು. "ಏನ್ ಬೇಕಮ್ಮ ಇವಕ್ಕೆ?"

"ಇವರು ಕೂಗಿದ್ರೇನೇ ಹಾಲು ಕುಡಿಯೋದು ಅಣ್ಣ. ಬೇಕೇ ಬೇಕು ಅಂತ."

"ಅಷ್ಟೇನಾ!" ನಾಗಯ್ಯ ಎದೆ ತುಂಬಿಕೊಂಡು ಕೂಗಿದರು. ರಸ್ತೆಯ ಆಚೆಯ ನಾಯಿ ಎದ್ದು ನಡೆಯಿತು. ಮಕ್ಕಳ ಮುಖ ಕೆಂಪಾಗಿ ಉಸಿರು ಸಿಕ್ಕಿಕೊಂಡಿತು. "ತಪ್ಪಾಯ್ತು, ತಪ್ಪಾಯ್ತು" ಎಂದು ಅವರು ಹಿಂದೆ ಸರಿದು ತಮ್ಮ ಬಾಯಿಯನ್ನು ತಾವೇ ಮುಚ್ಚಿಕೊಂಡರು.

ಎಲ್ಲರೂ ಅವಳನ್ನು ನೋಡಿದರು. ಬಿಸಿಲು ಅವಳ ಮುಖಕ್ಕೆ ಓರೆಯಾಗಿ ಹೊಡೆಯುತ್ತಿತ್ತು, ಕೂರಲು ಆ ಬೆಂಚಿಲ್ಲ, ಜಾಗ ಬಿಡಲು ಆ ಹೆಂಗಸಿಲ್ಲ. ಉದ್ದ ಮೇಜಿನ ಆಚೆ ಕೂತವರೂ ಹೀಗೇ ನೋಡಿದ್ದರು, ಒಳ್ಳೆಯ ಮನಸ್ಸಿನಿಂದಲೇ. ನಾಲಿಗೆ "ಸಾ..." ಎಂದು ಶುರುಮಾಡಿತು. ಅವಳು ಅದನ್ನು ಹಲ್ಲಿನ ಹಿಂದೆ ಹಿಡಿದಳು. ಕೂಸಿನ ಕಿವಿಗೆ ಬಾಯಿ ತಂದು, ಜೋಗುಳ ಹಾಡುವ ಅದೇ ದನಿಯಲ್ಲಿ, ತೂಗುತ್ತ, "ಬೇಕೇ... ಬೇಕು" ಎಂದಳು.

ಆಮೇಲೆ ಆ ಮುದುಕರೆಲ್ಲ, ಕರೆ ಬಂದರೆ ಉತ್ತರ ಕೊಟ್ಟೇ ರೂಢಿಯಾದವರು, ಅವಳ ದನಿಯ ಅಳತೆಗೇ ತಮ್ಮ ದನಿಯನ್ನು ಇಳಿಸಿ, ಉಸಿರಿನಲ್ಲಿ ಹೇಳಿದರು: "ತಂಗುದಾಣ ಬೇಕು."

"ಬೇಕೇ ಬೇಕು."

"ತಂಗುದಾಣ ಬೇಕು."

ಒಂದು ಧರಣಿ ಪಿಸುಗುಟ್ಟತೊಡಗಿತು. ನಾಗಯ್ಯ ಎದ್ದು ಬಿಸಿಲಿಗೆ ಅಡ್ಡ ನಿಂತರು, ಅವರನ್ನು ನೋಡಿ ಪಕ್ಕದವರು ನಿಂತರು, ಕೋಲೂರಿದವರೂ ನಿಂತರು. ನೆರಳಿನ ಒಂದು ಗೋಡೆ ಎದ್ದು ಅವಳ ಕಾಲಿನವರೆಗೆ ಬಂತು. ಜಗದಾಂಬಾ ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕೂಸನ್ನು ಮಡಿಲಿಗಿಳಿಸಿದಳು, ಶಾಮಲಾ ಬಾಟಲಿ ತೆಗೆದಳು. ಗುಟುಕು ಕೇಳಿಸುವಷ್ಟು ಮೆತ್ತಗೆ ಘೋಷಣೆ ನಡೆಯಿತು. ಬಂದೋಬಸ್ತಿಗೆ ಬಂದಿದ್ದ ಮಹಿಳಾ ಪೇದೆ ತನ್ನ ವಾಕಿಟಾಕಿಯ ಗೊರಗೊರವನ್ನು ಕೈಯಿಂದ ಮುಚ್ಚಿ ದೂರ ಸರಿದಳು. ಜಗದಾಂಬಾಳಿಗೆ ತನ್ನ ದನಿ ಬೇರೆ ಯಾರದೋ ಎನ್ನುವಂತೆ ಕೇಳಿಸುತ್ತಿತ್ತು, ಆ ಬೇರೆಯವಳ ಪರಿಚಯ ಮಾಡಿಕೊಳ್ಳಬೇಕು ಎನ್ನಿಸುತ್ತಿತ್ತು. ಉಜ್ಜನಪ್ಪನವರು ಮೈಕು ಕೆಳಗಿಟ್ಟು, ದನಿಯಿಲ್ಲದ ಬಾಯಿಂದ, ಎಲ್ಲರ ಜೊತೆ ತಾವೂ ಉತ್ತರ ಕೊಡುತ್ತಿದ್ದರು. ಅವರನ್ನು ಆ ಸಾಲಿನಲ್ಲಿ ಅವಳು ಹಿಂದೆಂದೂ ಕಂಡಿರಲಿಲ್ಲ.

ಅಷ್ಟರಲ್ಲಿ ಜೀಪು ಬಂತು. ಇಳಿದದ್ದು ರಸ್ತೆ ಕೆಲಸದ ಇಂಜಿನಿಯರ್ ಹರಿಪ್ರಸಾದ್, ಮೀಸೆ ಇನ್ನೂ ಸರಿಯಾಗಿ ಕೂರದ ಹುಡುಗ. "ಯಾಕ್ರೀ ಎಲ್ಲ ಹೀಗೆ ಸಣ್ಣಗೆ..." ಎಂದು ಕೇಳುತ್ತ ಹತ್ತಿರ ಬಂದು, ಕೂಸಿನ ಕಡೆ ಬಗ್ಗಿದ. ಅಧ್ಯಕ್ಷೆ ಅವನ ಕೊರಳಿನ ಗುರುತಿನ ಚೀಟಿಯ ಪಟ್ಟಿಯನ್ನು ಮುಷ್ಟಿಯಲ್ಲಿ ಹಿಡಿದಳು. ಅವನು ಬಗ್ಗಿದಲ್ಲೇ ಉಳಿದ.

"ಬಿಡಿಸಿ ಅಮ್ಮ."

"ಎಳೆದ್ರೆ ಅಳ್ತಾಳಪ್ಪ" ಎಂದಳು ಜಗದಾಂಬಾ ಮರುಕದಿಂದ.

"ಘೇರಾವ್ ಸಾರ್ ಇದು" ಎಂದು ನಾಗಯ್ಯ ಪಿಸುಗುಟ್ಟಿದರು. "ನಮ್ಮ ಅಧ್ಯಕ್ಷರು. ಯಾವಾಗ ಕಟ್ಟಿಸ್ತೀರಿ ಹೇಳಿ, ಬಿಡ್ತಾರೆ."

"ಈ ತಿಂಗಳೇ ಶುರು ಮಾಡಿಸ್ತೀನಿ ಮಾರಾಯ್ರೆ, ಅಲ್ಲಿವರೆಗೆ ಒಂದು ಶೀಟಿನ ಚಪ್ಪರನಾದ್ರೂ ಹಾಕಿಸ್ತೀನಿ" ಎಂದ ಹರಿಪ್ರಸಾದ್, ನೆಲವನ್ನು ನೋಡುತ್ತ, ಏಕೆಂದರೆ ಬೇರೇನನ್ನೂ ನೋಡುವಂತಿರಲಿಲ್ಲ. ಇಂಥ ಮಾತನ್ನು ಆ ಮುದುಕರು ಈ ಮುಂಚೆಯೂ ಕೇಳಿದ್ದರು. ಆದರೆ ಇಷ್ಟು ಬಗ್ಗಿ ಯಾರೂ ಹೇಳಿರಲಿಲ್ಲ. ಅವನು ಬೆನ್ನು ನೋಯುತ್ತಿದ್ದರೂ ಅಲ್ಲೇ ಮಂಡಿಯೂರಿ ಕೂತ, ಕೂಸಿಗೆ ಪಟ್ಟಿ ಸಡಿಲವಾಗಲೆಂದು ಕೊರಳನ್ನು ಇನ್ನಷ್ಟು ಮುಂದೆ ಚಾಚಿದ. ಜಗದಾಂಬಾ ಅದನ್ನು ಗಮನಿಸಿದಳು.

ಬಸ್ಸು ಬಂದು ನಿಂತದ್ದು ಆಗ. ಶಂಕರಘಟ್ಟದ ಕಡೆಯಿಂದ ಬಂದು ಶಿವಮೊಗ್ಗಕ್ಕೆ ಹೋಗುವ ಬಸ್ಸು. ಕಿಟಕಿಯೊಂದರಲ್ಲಿ ಒಂದು ಮುಖ, ಬೆಳಿಗ್ಗೆ ಚಪ್ಪಲಿ ಅದಲುಬದಲು ಮೆಟ್ಟಿ ಹೋದ ಮುಖ, ಮೊದಲು ಸುಮ್ಮನೆ ನೋಡಿತು, ಆಮೇಲೆ ಬಾಯಿ ತೆರೆಯಿತು.

ಶಾಂಭವಿ ಇಳಿದಳು. ಮೊದಲ ದಿನವೆಂದು ಲೈಬ್ರರಿಯ ಹಿರಿಯರು ಮಧ್ಯಾಹ್ನಕ್ಕೇ ಕಳಿಸಿಕೊಟ್ಟಿದ್ದರಂತೆ. ನಿಲ್ಲದೆ ಹೋಗುವ ಬಸ್ಸಿಗೆ ಕಾಯಲಾಗದೆ, ಊರೂರಿಗೆ ನಿಲ್ಲುವ ಇದನ್ನೇ ಹತ್ತಿದ್ದಳಂತೆ. ಅದೆಲ್ಲ ಆಮೇಲೆ ಗೊತ್ತಾದದ್ದು. ಈಗ ಅವಳು ಅಪ್ಪನನ್ನು ನೋಡಲೇ ಇಲ್ಲ.

"ಅಪ್ಪಾಜಿ ಹೀಗೆ ಅಂತ ಗೊತ್ತಿತ್ತು. ಅಮ್ಮ, ನೀನೂನಾ?"

ಅದು ಚುಚ್ಚಿತು. ಚುಚ್ಚಿದಲ್ಲೇ ಎಲ್ಲೋ ಕಚಗುಳಿಯಿಟ್ಟಂತೆಯೂ ಆಯಿತು.

"ಹಾಲು ಕುಡಿದ್ವಾ?"

"ಕುಡಿದ್ವು. ಇಬ್ಬರೂ. ಒಂದು ತೊಟ್ಟೂ ಬಿಡ್ಲಿಲ್ಲ."

ಶಾಂಭವಿ ಕೂಸಿನ ಕೆನ್ನೆ ಮುಟ್ಟಿದಳು, ಅಮ್ಮನ ಬೆವೆತ ಹಣೆಯನ್ನು ನೋಡಿದಳು, ಅವಳ ದನಿ ಇಳಿಯಿತು. "ಈ ಬಿಸಿಲಲ್ಲಿ ಎರಡೆರಡು ಮಕ್ಕಳನ್ನ ಎತ್ಕೊಂಡು ರಸ್ತೆಗೆ ಬರೋ ಹಂಗಾಯ್ತಲ್ಲಮ್ಮ ನಿಂಗೆ. ಬೇಡ. ನಾಳೆಯಿಂದ ಹೋಗಲ್ಲ ನಾನು. ಬಿಟ್ಬಿಡ್ತೀನಿ. ಪರವಾಗಿಲ್ಲ ನನಗೆ."

ಪರವಾಗಿಲ್ಲ. ಜಗದಾಂಬಾ ಆ ಮಾತನ್ನು ಮಗಳ ಬಾಯಲ್ಲಿ, ತನ್ನದೇ ದನಿಯಲ್ಲಿ ಕೇಳಿದಳು. "ನಿನಗೆ ಹೇಗೆ ಅನುಕೂ..." ಎಂದು ಅವಳ ಬಾಯಿ ಹಳೆಯ ದಾರಿ ಹಿಡಿಯಿತು, ಅರ್ಧದಲ್ಲಿ ನಿಂತಿತು. ತೋಳಿನಲ್ಲಿ ಕೂಸು ನಿದ್ದೆಗೆ ಜಾರುತ್ತಿತ್ತು, ಆದ್ದರಿಂದ ದನಿ ಏರಿಸುವಂತಿರಲಿಲ್ಲ.

"ಇಲ್ಲ. ನೀನು ಕೆಲಸಕ್ಕೆ ಹೋಗ್ಬೇಕು."

"ಹೋಗಲೇ ಬೇಕು" ಎಂದರು ನಾಗಯ್ಯ, ಬರೀ ರೂಢಿಯಿಂದ. ಪಕ್ಕದವರೂ ಎಂದರು. "ಹೋಗಲೇ ಬೇಕು" ಎಂದಿತು ಆ ನೆರಳಿನ ಗೋಡೆಯಿಡೀ, ಕೂಸು ಏಳದಷ್ಟು ಮೆಲ್ಲಗೆ. ಪಟ್ಟಿ ಹಿಡಿಸಿಕೊಂಡು ಮಂಡಿಯೂರಿದ್ದ ಹರಿಪ್ರಸಾದನ ತುಟಿಯೂ ಅಲುಗಿತು.

ಶಾಂಭವಿ ಅಳುವುದೋ ನಗುವುದೋ ತಿಳಿಯದೆ ಸುತ್ತ ನೋಡಿದಳು. ಜಗದಾಂಬಾಗೆ ಈಗ ಒಂದೇ ಸಾಕೆನ್ನಿಸಲಿಲ್ಲ.

"ನಾಳೆಯಿಂದ ಇವರು ಮನೇಲಿ ಇರ್ಬೇಕು."

"ಇರಲೇ ಬೇಕು!" ಈ ಸಲ ಸ್ವಲ್ಪ ಜೋರಾಯಿತು. ಉಜ್ಜನಪ್ಪನವರ ಬಾಯಿಯೂ ಎಲ್ಲರ ಜೊತೆ ತೆರೆದು ಮುಚ್ಚಿತು. ಮುಚ್ಚಿದ ಮೇಲೆ ತಾನು ಯಾವುದಕ್ಕೆ ಒಪ್ಪಿಗೆ ಕೊಟ್ಟೆ ಎಂಬುದು ಅವರ ಮುಖದ ಮೇಲೆ ನಿಧಾನವಾಗಿ ಹತ್ತಿ ಬಂತು. ಶಾಮಲಾ ಕಿಸಕ್ಕೆಂದಳು. ಉಜ್ಜನಪ್ಪನವರು ಒಂದು ಬೆರಳೆತ್ತಿ, ದನಿಯಿಲ್ಲದೆ, ವಾರಕ್ಕೊಂದು ದಿನ ಎಂದು ಬೇಡಿಕೊಂಡರು. "ಚರ್ಚೆ ಮಾಡೋಣ" ಎಂದಳು ಜಗದಾಂಬಾ, ಅವರದೇ ಮಾತನ್ನು ಅವರಿಗೇ ಕೊಟ್ಟು. ಅವರ ಹೆಗಲಿಗೆ ಮತ್ತೆ ಏರಿದ್ದ ಕೆಂಪು ಅಂಚಿನ ಟವೆಲ್ಲನ್ನು ಎಳೆದು ಕೂಸಿನ ತಲೆಗೆ ಬಿಸಿಲು ತಾಗದಂತೆ ಹೊದಿಸಿದಳು. ಅಧ್ಯಕ್ಷೆಯ ಮುಷ್ಟಿ ನಿದ್ದೆಯಲ್ಲಿ ಬಿಚ್ಚಿತು, ಇಂಜಿನಿಯರ್ ಬಿಡುಗಡೆಯಾದ.

"ಹತ್ತೋರು ಹತ್ರಪ್ಪ, ಧರಣಿ ನೋಡ್ತಾ ನಿಂತ್ರೆ ಡ್ರೈವರ್ ನನ್ನ ಮೇಲೆ ಧರಣಿ ಮಾಡ್ತಾನೆ!" ಎಂದ ಕಂಡಕ್ಟರ್. ನಾಗಯ್ಯ ಬುಟ್ಟಿಯನ್ನು ಮೊದಲು ಹತ್ತಿದ ಶಾಮಲಾಳಿಗೆ ಎತ್ತಿಕೊಟ್ಟರು. ಶಾಂಭವಿ ಅಭಯನನ್ನು, ಉಜ್ಜನಪ್ಪನವರು ಖಾಲಿ ಹೆಗಲನ್ನು ಹೊತ್ತು ಹತ್ತಿದರು. ಬಸ್ಸು ತುಂಬಿತ್ತು. ಕಾಲೇಜು ಹುಡುಗಿಯೊಬ್ಬಳು ಪುಸ್ತಕದ ಚೀಲವನ್ನು ಮಡಿಲಿಗೆಳೆದುಕೊಂಡು, ಅರ್ಧ ಎದ್ದು, "ಅಜ್ಜಿ, ಸೀಟ್ ಬೇಕಾ?" ಎಂದು ಕೇಳಿದಳು.

ಜಗದಾಂಬಾ ಆ ಹುಡುಗಿಯ ಮುಖ ನೋಡಿದಳು.

"ಬೇಕು" ಎಂದಳು, ಕೂತಳು.